ಬೇಸಿಗೆ ಕಳೆದ ಮೇಲೆ

ಬೇಸಿಗೆಯ ಪ್ರಣಯವೆಂಬ ಮಾತನ್ನು ಆಳಂದ, ಅಫಜಲಪುರ, ಜೇವರ್ಗಿಗಳ ಹಿರಿಯರ ಮುಂದೆ ಆಡಿದರೆ ಅವರು ಮೊದಲು ನಕ್ಕಾರು. ಏಪ್ರಿಲ್ ಮೇ ತಿಂಗಳುಗಳಲ್ಲಿ ಆ ಸೀಮೆಯ ಬಿಸಿಲು 40 ಡಿಗ್ರಿಯನ್ನು ದಾಟುತ್ತದೆ. ಎರೆಭೂಮಿ ಬಾಯ್ದೆರೆದು ಬಿರಿಯುತ್ತದೆ. ಭೀಮೆಯ ಅಗಲವಾದ ಪಾತ್ರದಲ್ಲಿ ನೀರು ಅಲ್ಲಲ್ಲಿ ಮಡುಗಳಿಗೆ ಸರಿದು ನಿಲ್ಲುತ್ತದೆ. ಹೊತ್ತು ನೆತ್ತಿಗೇರುವ ಮೊದಲೇ ಮನುಷ್ಯರೂ ದನಕರುಗಳೂ ನೆರಳನ್ನು ಅರಸಿ ಹೋಗುತ್ತಾರೆ. ಇಂಥ ರಣಬಿಸಿಲಿನಲ್ಲಿ ಒಲವಿಗೆ ಎಡೆಯೆಲ್ಲಿ? ಅಲ್ಲಿಯ ಜನರ ಸರಸ ಸಲ್ಲಾಪವೆಲ್ಲ ಮಳೆಗೆ, ಬೆಳದಿಂಗಳಿಗೆ, ನಾಗರಪಂಚಮಿಯ ಜೋಕಾಲಿಗೆ ಮೀಸಲು.

ಆದರೂ ಆ ಸೀಮೆಯ ಲಗ್ನಗಳು ಹೆಚ್ಚಾಗಿ ನಡೆಯುವುದು ಬೇಸಿಗೆಯಲ್ಲಿಯೇ. ಅದಕ್ಕೆ ಕಾರಣವನ್ನು ಹೊಲದಲ್ಲಿ ಹುಡುಕಬೇಕು. ಮುಂಗಾರಿಗೆ ಬಿತ್ತಿದ ತೊಗರಿ ಡಿಸೆಂಬರ್ ಜನವರಿಯ ಹೊತ್ತಿಗೆ ಮನೆ ಸೇರುತ್ತದೆ. ಹಿಂಗಾರಿಯ ಬಿಳಿಜೋಳ ಫೆಬ್ರವರಿ ಮಾರ್ಚಿನಲ್ಲಿ ರಾಶಿಯಾಗುತ್ತದೆ. ಅಲ್ಲಿಂದ ಮುಂದಿನ ಮಳೆಯವರೆಗೆ ಹೊಲಕ್ಕೆ ಬಿಡುವು. ಹಗೇವಿನಲ್ಲಿ ಕಾಳು, ಕೈಯಲ್ಲಿ ಒಂದಿಷ್ಟು ಕಾಸು. ಆಗ ಮನೆಯ ಮುಂದೆ ಹಂದರ ಏಳುತ್ತದೆ, ಅಕ್ಷತೆ ಬೀಳುತ್ತದೆ. ಮೃಗಶಿರ ಮಳೆ ಹನಿಯಿತೆಂದರೆ ಎಲ್ಲವೂ ಮಾರ್ಪಡುತ್ತದೆ. ಕೈಯ ಅರಿಸಿನ ಮಾಸುವ ಮೊದಲೇ ಹೊಸ ಸೊಸೆ ಬಿತ್ತುವ ಕಾಳನ್ನು ಉಡಿಯಲ್ಲಿ ಕಟ್ಟಿಕೊಂಡು ಹೊಲಕ್ಕೆ ನಡೆಯುತ್ತಾಳೆ. ಹೊಲವಿಲ್ಲದವರ ಮನೆಯಾದರೆ ಹೊಸ ದಂಪತಿಗಳು ಗಂಟುಮೂಟೆ ಕಟ್ಟಿಕೊಂಡು ಮುಂಬಯಿ, ಪುಣೆ, ಹೈದರಾಬಾದುಗಳಿಗೆ ಗುಳೆ ಹೋಗುವುದೂ ಉಂಟು. ಹಂದರಕ್ಕೂ ದುಡಿಮೆಗೂ ನಡುವೆ ಇರುವ ಅಂತರ ಕೆಲವೇ ವಾರಗಳದು.

ಆದ್ದರಿಂದ ಬೇಸಿಗೆ ಕಳೆದ ಮೇಲೆ ಏನು ಎಂಬ ಪ್ರಶ್ನೆ ಭೀಮೆಯ ದಂಡೆಯವರಿಗೆ ಹೊಸದೇನೂ ಅಲ್ಲ. ಹೊಸದು ಕಥೆಗಳಿಗೆ. ಅಜ್ಜಿ ಕಥೆ ಹೇಳುತ್ತ ರಾಜಕುಮಾರನಿಗೂ ರಾಜಕುಮಾರಿಗೂ ಲಗ್ನವಾಯಿತೆಂದು ಮುಗಿಸಿದರೆ ಮಗು ಕಣ್ಣರಳಿಸಿ ‘ಮುಂದ?’ ಎಂದು ಕೇಳುತ್ತದೆ. ಅಜ್ಜಿಯ ಬಳಿ ಅದಕ್ಕೆ ಉತ್ತರವಿಲ್ಲ. ಅವರು ಅಲ್ಲಿದ್ದಾರೆ, ನಾವು ಇಲ್ಲಿದ್ದೇವೆ ಎಂದು ಹೇಳಿ ದೀಪ ಆರಿಸುತ್ತಾಳೆ. ಚಲಚ್ಚಿತ್ರ ಲೋಕವೂ ಬಹುಕಾಲ ಈ ಅಜ್ಜಿಯ ಜಾಣತನವನ್ನೇ ಅನುಸರಿಸಿತು. ನಾಯಕ ನಾಯಿಕೆಯರ ಕೈ ಕೂಡಿದೊಡನೆ ‘ಶುಭಂ’ ಎಂಬ ಅಕ್ಷರಗಳು ಮೂಡುತ್ತಿದ್ದವು. ಪ್ರೇಕ್ಷಕರು ಎದ್ದು ಚಪ್ಪಲಿ ಹುಡುಕುತ್ತಿದ್ದರು. ಆದರೆ ಕೆಲವು ನಿರ್ದೇಶಕರು ದೀಪ ಆರಿಸಲು ಒಪ್ಪಲಿಲ್ಲ. ಬೇಸಿಗೆ ಮುಗಿದ ಮೇಲೆಯೂ ಕ್ಯಾಮರಾವನ್ನು ಅದೇ ಇಬ್ಬರ ಬೆನ್ನಿಗೆ ಕಳುಹಿಸಿದರು. ಅವರು ಕಂಡದ್ದೇನು, ಆ ಕಾಣ್ಕೆಯಿಂದ ಗೃಹಸ್ಥರಿಗೆ ಆಗುವ ಪ್ರಯೋಜನವೇನು ಎಂಬುದು ವಿಚಾರ ಮಾಡತಕ್ಕ ಸಂಗತಿ.

ಈ ಪ್ರಶ್ನೆಯನ್ನು ಬಹು ನಿಷ್ಠುರವಾಗಿ ಕೇಳಿದ ಚಿತ್ರವೊಂದು ಬಂದುದು, ಬೇಸಿಗೆಯನ್ನು ವರವೆಂದು ಕಾಣುವ ದೂರದ ಸ್ವೀಡನ್ ದೇಶದಿಂದ. ಅಲ್ಲಿಯ ಚಳಿಗಾಲ ದೀರ್ಘವಾದುದು. ಡಿಸೆಂಬರಿನಲ್ಲಿ ಹಗಲೆಂಬುದು ಕೆಲವೇ ಗಂಟೆಗಳ ಮಾತು. ಜೂನ್ ಬಂದಿತೆಂದರೆ ರಾತ್ರಿಯೂ ಪೂರ್ತಿಯಾಗಿ ಕಪ್ಪಾಗದು. ನಮ್ಮವರು ಮೊದಲ ಮಳೆಗೆ ಮೈಯೊಡ್ಡುವಂತೆ ಅಲ್ಲಿಯವರು ಬಿಸಿಲಿಗೆ ಮೈಯೊಡ್ಡುತ್ತಾರೆ. ಆ ನಾಡಿನ ಇಂಗ್ಮಾರ್ ಬರ್ಗ್‌ಮನ್ 1953ರಲ್ಲಿ ‘ಮೋನಿಕಾಳೊಡನೆ ಬೇಸಿಗೆ’ ಎಂಬ ಚಿತ್ರವನ್ನು ತೆರೆಗೆ ತಂದರು. ಪೇರ್ ಆಂಡರ್ಸ್ ಫೊಗೆಲ್‌ಸ್ಟ್ರೋಮ್ 1951ರಲ್ಲಿ ಪ್ರಕಟಿಸಿದ ಕಾದಂಬರಿ ಅದಕ್ಕೆ ಆಧಾರ.

ಕಥೆ ಸರಳವಾದುದು. ಸ್ಟಾಕ್‌ಹೋಮ್ ನಗರದಲ್ಲಿ ಹ್ಯಾರಿ ಎಂಬ ತರುಣ ಗಾಜು ಪಿಂಗಾಣಿಗಳ ಅಂಗಡಿಯೊಂದರಲ್ಲಿ ಆಳು. ಎಲ್ಲರ ಗದರಿಕೆಗೂ ತಲೆಯೊಡ್ಡುವ ಸಾಧು. ಮೋನಿಕಾ ತರಕಾರಿ ಅಂಗಡಿಯಲ್ಲಿ ದುಡಿಯುವ ಹುಡುಗಿ. ಇಕ್ಕಟ್ಟಾದ ಮನೆ, ಕುಡುಕ ತಂದೆ, ಗಲಾಟೆಯ ತಮ್ಮ ತಂಗಿಯರು. ಇಬ್ಬರಿಗೂ ಪರಿಚಯವಾಗುತ್ತದೆ. ಒಂದು ಸಂಜೆ ಅವರು ಪ್ರೇಮಕಥೆಯ ಚಿತ್ರವೊಂದನ್ನು ನೋಡಲು ಹೋಗುತ್ತಾರೆ. ಕತ್ತಲಿನಲ್ಲಿ ಮೋನಿಕಾ ಕಣ್ಣೊರೆಸಿಕೊಳ್ಳುತ್ತಾಳೆ. ಪಕ್ಕದಲ್ಲಿ ಹ್ಯಾರಿ ಆಕಳಿಸುತ್ತಾನೆ. ಮುಂದೆ ನಡೆಯುವುದೆಲ್ಲದರ ಬೀಜ ಆ ಒಂದು ದೃಶ್ಯದಲ್ಲಿ ಅಡಗಿದೆ. ಅವಳಿಗೆ ಬದುಕು ಆ ತೆರೆಯಂತಿರಬೇಕು. ಅವನಿಗೆ ಅವಳಿದ್ದರೆ ಸಾಕು.

ಇಬ್ಬರೂ ಕೆಲಸ ಬಿಡುತ್ತಾರೆ, ಮನೆ ಬಿಡುತ್ತಾರೆ. ಹ್ಯಾರಿಯ ತಂದೆಯ ದೋಣಿಯನ್ನೇರಿ ನಗರದ ಹೊರಗಿನ ದ್ವೀಪಗಳ ಕಡೆಗೆ ಹೊರಟುಬಿಡುತ್ತಾರೆ. ಬಂಡೆಗಳ ಮೇಲೆ ಬಿಸಿಲು, ಸುತ್ತ ನೀರು, ಕೇಳುವವರಿಲ್ಲದ ಸ್ವಾತಂತ್ರ್ಯ. ಬೇಸಿಗೆಯ ಈ ಭಾಗವನ್ನು ಬರ್ಗ್‌ಮನ್ ಎಷ್ಟು ಪ್ರೀತಿಯಿಂದ ಚಿತ್ರಿಸಿದ್ದಾರೆಂದರೆ, ಪ್ರೇಕ್ಷಕನೂ ಇವರಂತೆ ಆಗಸ್ಟ್ ತಿಂಗಳನ್ನು ಮರೆಯುತ್ತಾನೆ. ಆದರೆ ಹೊಟ್ಟೆ ಮರೆಯುವುದಿಲ್ಲ. ತಂದ ಆಹಾರ ತೀರುತ್ತದೆ. ಕಾಡಿನ ಅಣಬೆಗಳೇ ಗತಿಯಾಗುತ್ತವೆ. ಮೋನಿಕಾ ಯಾರದೋ ಮನೆಯಿಂದ ಬೇಯಿಸಿದ ಮಾಂಸವನ್ನು ಕದ್ದು, ಓಡುತ್ತ ಓಡುತ್ತ ಹಲ್ಲಿನಿಂದ ಹರಿದು ತಿನ್ನುತ್ತಾಳೆ. ಅಷ್ಟು ಹೊತ್ತಿಗೆ ಅವಳು ಬಸುರಿ. ಗಾಳಿ ತಣ್ಣಗಾಗುತ್ತದೆ. ದೋಣಿ ನಗರಕ್ಕೆ ಮರಳುತ್ತದೆ.

ಮುಂದಿನದು ಬಾಡಿಗೆಯ ಕೋಣೆಯ ಕಥೆ. ಹ್ಯಾರಿಯ ಅತ್ತೆಯ ಸಹಾಯದಿಂದ ಮದುವೆಯಾಗುತ್ತದೆ, ಮಗು ಹುಟ್ಟುತ್ತದೆ. ಹ್ಯಾರಿ ಹಗಲು ದುಡಿದು ರಾತ್ರಿ ಓದಿ ಎಂಜಿನಿಯರಾಗಬೇಕೆಂದು ಹೆಣಗುತ್ತಾನೆ. ಮೋನಿಕಾಳಿಗೆ ಮಗುವಿನ ಅಳುವೂ ಗೋಡೆಗಳೂ ಸಾಕಾಗುತ್ತವೆ. ಬಾಡಿಗೆಗೆಂದು ಇಟ್ಟ ಹಣ ಅವಳ ಹೊಸ ಉಡುಪಾಗುತ್ತದೆ. ಊರಿಗೆ ಹೋಗಿದ್ದ ಗಂಡ ಎಣಿಸಿದ್ದಕ್ಕಿಂತ ಮೊದಲೇ ಮರಳಿದಾಗ ಮನೆಯಲ್ಲಿ ಬೇರೊಬ್ಬನಿರುತ್ತಾನೆ. ಕೊನೆಗೆ ಅವಳು ಹೊರಟುಹೋಗುತ್ತಾಳೆ. ಮಗು ಅವನ ಕೈಯಲ್ಲಿ ಉಳಿಯುತ್ತದೆ. ಮಗುವನ್ನೆತ್ತಿಕೊಂಡು ಅವನು ಬೀದಿಯ ಕನ್ನಡಿಯೊಂದರ ಮುಂದೆ ನಿಂತಾಗ ಆ ಬೇಸಿಗೆ ಮತ್ತೊಮ್ಮೆ ಅವನ ಕಣ್ಣ ಮುಂದೆ ಸುಳಿದುಹೋಗುತ್ತದೆ.

ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಕನ್ನಡಿಯಲ್ಲಿ ಸುಳಿಯುವ ಆ ಬೇಸಿಗೆಯನ್ನು ಬರ್ಗ್‌ಮನ್ ಹುಸಿಯೆಂದು ತೋರಿಸುವುದಿಲ್ಲ. ಅದು ಮೊದಲಿನಷ್ಟೇ ಬೆಳ್ಳಗೆ ಹೊಳೆಯುತ್ತದೆ. ಆ ಇಬ್ಬರ ಭ್ರಮೆಯಿದ್ದದ್ದು ಬೇರೆ ಕಡೆ: ವರ್ಷದ ಹನ್ನೆರಡು ತಿಂಗಳೂ ಜುಲೈಯಂತೆಯೇ ಇದ್ದಾವೆಂಬ ಎಣಿಕೆಯಲ್ಲಿ. ಭ್ರಮನಿರಸನವೆಂಬುದು ಆ ಎಣಿಕೆ ತಪ್ಪಿದಾಗ ಬರುವ ನೋವು.

ಮೋನಿಕಾಳ ಪಾತ್ರ ವಹಿಸಿದ ಹ್ಯಾರಿಯೆಟ್ ಆಂಡರ್ಸನ್ ಚಿತ್ರದ ಕೊನೆಯ ಭಾಗದಲ್ಲಿ, ಕಾಫಿ ಅಂಗಡಿಯೊಂದರಲ್ಲಿ ಸಿಗರೇಟು ಹಚ್ಚಿಕೊಂಡು, ತಟ್ಟನೆ ತಿರುಗಿ ನೇರವಾಗಿ ಕ್ಯಾಮರಾವನ್ನು ದಿಟ್ಟಿಸುತ್ತಾರೆ. ಸುತ್ತಲಿನ ಬೆಳಕು ಮಂಕಾಗುತ್ತದೆ. ನೋಟ ಮಾತ್ರ ಕದಲುವುದಿಲ್ಲ. ತೆರೆಯ ಈಚೆ ಕುಳಿತು ತೀರ್ಪು ಕೊಡಲು ಸಿದ್ಧನಾದ ಪ್ರೇಕ್ಷಕನನ್ನು ಅವಳು ತಿರುಗಿ ವಿಚಾರಣೆಗೆ ಕರೆದಂತಿದೆ. ಫ್ರಾನ್ಸಿನ ನಿರ್ದೇಶಕ ಗೊದಾರ್ 1958ರಲ್ಲಿ ಈ ನೋಟವನ್ನು ಕುರಿತು ಮನಸಾರೆ ಬರೆದರು. 1959ರಲ್ಲಿ ಬಂದ ತ್ರುಫೋ ಅವರ ‘ನಾಲ್ಕುನೂರು ಪೆಟ್ಟುಗಳು’ ಚಿತ್ರದಲ್ಲಿ ಹುಡುಗರು ಚಿತ್ರಮಂದಿರದಿಂದ ಕದಿಯುವುದು ಇದೇ ಮೋನಿಕಾಳ ಭಾವಚಿತ್ರವನ್ನು. ಅಮೆರಿಕದ ವ್ಯಾಪಾರಿಗೆ ಮಾತ್ರ ಈ ನೋಟ ಬೇಕಾಗಿರಲಿಲ್ಲ. 1955ರಲ್ಲಿ ಕ್ರೋಗರ್ ಬ್ಯಾಬ್ ಎಂಬ ಹಂಚಿಕೆದಾರ ಈ ಚಿತ್ರವನ್ನು ಬಹಳವಾಗಿ ಕತ್ತರಿಸಿ, ಸ್ನಾನದ ದೃಶ್ಯಗಳನ್ನೇ ಮುಂದುಮಾಡಿ, ‘ಕೆಟ್ಟ ಹುಡುಗಿಯೊಬ್ಬಳ ಕಥೆ’ ಎಂದು ಹಣೆಪಟ್ಟಿ ಕಟ್ಟಿ ಮಾರಿದ. ಬೇಸಿಗೆಯ ಸುಖದಲ್ಲಿ ಇಬ್ಬರಿಗೂ ಪಾಲಿತ್ತು. ಅಪವಾದಕ್ಕೆ ಮಾತ್ರ ಹುಡುಗಿಯೊಬ್ಬಳೇ ಒಡತಿಯಾದಳು. ಈ ಹಂಚಿಕೆಯ ರೀತಿ ಅಮೆರಿಕಕ್ಕೆ ಮಾತ್ರ ಸೀಮಿತವಾದುದೆಂದು ನಮ್ಮವರು ಎದೆ ಮುಟ್ಟಿಕೊಂಡು ಹೇಳಲಾರರು.

ಕನ್ನಡದಲ್ಲಿ ಈ ‘ಮುಂದ?’ ಎಂಬ ಪ್ರಶ್ನೆಯನ್ನು ಬಿಡದೆ ಕೇಳಿದವರು ಎಸ್. ಆರ್. ಪುಟ್ಟಣ್ಣ ಕಣಗಾಲ್. ಅವರಿಗೆ ಪ್ರಶ್ನೆಯನ್ನು ಒದಗಿಸಿದವರು ಕಾದಂಬರಿಗಾರ್ತಿ ತ್ರಿವೇಣಿ. 1963ರಲ್ಲಿ, ಇನ್ನೂ ಮೂವತ್ತೈದು ತುಂಬದ ವಯಸ್ಸಿನಲ್ಲಿ ತೀರಿಹೋದ ತ್ರಿವೇಣಿಯವರ ‘ಬೆಳ್ಳಿಮೋಡ’ವನ್ನು ಪುಟ್ಟಣ್ಣನವರು 1967ರಲ್ಲಿ ತೆರೆಗೆ ತಂದರು. ಕನ್ನಡದಲ್ಲಿ ಅವರು ನಿರ್ದೇಶಿಸಿದ ಮೊದಲ ಚಿತ್ರವದು.

ಮಲೆನಾಡಿನ ತೋಟದ ಮನೆ. ಒಬ್ಬಳೇ ಮಗಳು ಇಂದಿರಾ. ಮೋಹನನೆಂಬ ವಿದ್ಯಾವಂತ ತರುಣನೊಡನೆ ಅವಳ ಮದುವೆ ನಿಶ್ಚಯವಾಗುತ್ತದೆ. ಮಾವನಾಗುವವರ ಹಣದಿಂದ ಅವನು ಹೆಚ್ಚಿನ ಓದಿಗಾಗಿ ಅಮೆರಿಕಕ್ಕೆ ತೆರಳುತ್ತಾನೆ. ಮಂಜು, ಬೆಟ್ಟ, ಬೆಳ್ಳಿಯ ಮೋಡ, ತನ್ನವನೆಂದು ನಂಬಿದವನ ನೆನಪು; ಇಂದಿರಾಳ ಬೇಸಿಗೆ ಇದು. ಅವನು ದೂರದಲ್ಲಿರುವಾಗಲೇ ಮನೆಯಲ್ಲಿ ಗಂಡುಮಗು ಹುಟ್ಟುತ್ತದೆ, ತಾಯಿ ತೀರಿಕೊಳ್ಳುತ್ತಾಳೆ. ತೋಟಕ್ಕೆ ವಾರಸುದಾರ ಬಂದನೆಂದು ತಿಳಿದ ಮೋಹನ ಮರಳಿ ಬಂದು ಮದುವೆಯಿಂದ ಹಿಂದೆಗೆಯುತ್ತಾನೆ. ಅವನು ಪ್ರೀತಿಸಿದ್ದು ಹುಡುಗಿಯನ್ನೋ ತೋಟವನ್ನೋ ಎಂಬ ಪ್ರಶ್ನೆಗೆ ಒಂದು ಪುಟ್ಟ ಕೂಸು ತೊಟ್ಟಿಲಿನಲ್ಲಿ ಮಲಗಿಕೊಂಡೇ ಉತ್ತರ ಕೊಟ್ಟುಬಿಡುತ್ತದೆ.

ಇಷ್ಟಕ್ಕೇ ನಿಂತಿದ್ದರೆ ಇದು ವಂಚಿತೆಯೊಬ್ಬಳ ಕಣ್ಣೀರಿನ ಕಥೆಯಾಗುತ್ತಿತ್ತು. ತ್ರಿವೇಣಿಯವರ ಬುದ್ಧಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಅಪಘಾತದಲ್ಲಿ ಕಾಲು ಮುರಿದುಕೊಂಡ ಮೋಹನ ಅದೇ ಮನೆಯಲ್ಲಿ ಮಲಗಬೇಕಾಗುತ್ತದೆ. ಇಂದಿರಾ ಅವನ ಶುಶ್ರೂಷೆ ಮಾಡುತ್ತಾಳೆ. ಆಗ ಅವನಿಗೆ ಅವಳ ಬೆಲೆ ತಿಳಿಯುತ್ತದೆ, ಮದುವೆಯಾಗೆಂದು ಬೇಡುತ್ತಾನೆ. ಚಿತ್ರಮಂದಿರದ ಪ್ರೇಕ್ಷಕರೆಲ್ಲ ಈಗ ‘ಶುಭಂ’ ಎಂಬ ಅಕ್ಷರಗಳಿಗೆ ಕಾದಿರುತ್ತಾರೆ. ಇಂದಿರಾ ಒಲ್ಲೆನೆನ್ನುತ್ತಾಳೆ. ಕಲ್ಪನಾ ಆಡಿದ ಆ ನಿರಾಕರಣೆಯಲ್ಲಿ ಸೇಡಿನ ಲೇಶವೂ ಇಲ್ಲ. ಮುರಿದ ಕಾಲು ಕೂಡುವಂತೆ ಮುರಿದ ನಂಬಿಕೆ ಕೂಡುವುದಿಲ್ಲವೆಂಬ ತಿಳಿವಳಿಕೆಯಷ್ಟೇ ಅಲ್ಲಿದೆ. ಮೋನಿಕಾಳ ಕಥೆಯಲ್ಲಿ ಭ್ರಮನಿರಸನ ಒಂದು ಮನೆಯನ್ನು ಒಡೆಯಿತು. ಇಲ್ಲಿ ಅದೇ ಭ್ರಮನಿರಸನ ಒಬ್ಬ ಹುಡುಗಿಯನ್ನು ಅವಳ ಕಾಲ ಮೇಲೆ ನಿಲ್ಲಿಸಿತು. ಬೇಸಿಗೆ ಹೋದುದರಿಂದ ಬದುಕೇ ಹೋಗಬೇಕಾಗಿಲ್ಲವೆಂಬುದನ್ನು ಕನ್ನಡದ ಗೃಹಿಣಿಯರಿಗೆ ತೋರಿಸಿಕೊಟ್ಟ ಚಿತ್ರಗಳಲ್ಲಿ ‘ಬೆಳ್ಳಿಮೋಡ’ಕ್ಕೆ ಮುಂಚೂಣಿಯ ಸ್ಥಾನವಿದೆ. 1971ರಲ್ಲಿ ತ್ರಿವೇಣಿಯವರದೇ ‘ಶರಪಂಜರ’ವನ್ನು ಎತ್ತಿಕೊಂಡಾಗ ಪುಟ್ಟಣ್ಣನವರು ಒಲಿದು ಮದುವೆಯಾದವರ ಮನೆಯೊಳಗನ್ನೇ ತೆರೆದಿಟ್ಟರು, ಮನೋರೋಗದಿಂದ ಗುಣವಾಗಿ ಮರಳಿದ ಕಾವೇರಿಗೆ ಅಲ್ಲಿ ಕಾದಿದ್ದುದು ಜನರ ಸಂಶಯ, ಗಂಡನ ದ್ರೋಹ.

ಮರುವರ್ಷ, 1972ರ ಕೊನೆಯಲ್ಲಿ ‘ನಾಗರಹಾವು’ ಬಂದಿತು. ತ. ರಾ. ಸುಬ್ಬರಾಯರ ಮೂರು ಕಾದಂಬರಿಗಳನ್ನು ಹೆಣೆದು ಮಾಡಿದ ಆ ಚಿತ್ರದ ನೆಲ ಚಿತ್ರದುರ್ಗದ ಕೋಟೆ. ಬಿಸಿಲಿಗೆ ಕಾದ ಬಂಡೆ. ಭೀಮೆಯ ದಂಡೆಯವರಿಗೆ ಈ ಬಿಸಿಲು ಮಂಜಿನ ಮಲೆನಾಡಿಗಿಂತ ಹತ್ತಿರದ್ದು. ರಾಮಾಚಾರಿಗೂ ಅಲಮೇಲುವಿಗೂ ಒಲವು ಬೆಳೆಯುತ್ತದೆ. ಜಾತಿ ಅಡ್ಡ ಬರುತ್ತದೆ. ಯಾರ ಮಾತಿಗೂ ಬಗ್ಗದ ರಾಮಾಚಾರಿ ಒಬ್ಬರ ಮಾತಿಗೆ ಮಾತ್ರ ಬಗ್ಗುತ್ತಾನೆ. ಅವರು ಚಾಮಯ್ಯ ಮೇಷ್ಟರು. ಅವಳನ್ನು ಬಿಟ್ಟುಬಿಡೆಂದು ಮೇಷ್ಟರು ಕೇಳುತ್ತಾರೆ, ಶಿಷ್ಯ ಬಿಟ್ಟುಬಿಡುತ್ತಾನೆ. ಊರಿನ ಮರ್ಯಾದೆ ಉಳಿಯಿತೆಂದು ಎಲ್ಲರೂ ನಿಟ್ಟುಸಿರು ಬಿಡುತ್ತಾರೆ. ಸಾಮಾನ್ಯ ಚಿತ್ರವೊಂದು ಈ ತ್ಯಾಗಕ್ಕೆ ಹಾರ ಹಾಕಿ ಅಲ್ಲಿಗೇ ಮುಗಿಯುತ್ತಿತ್ತು.

ಪುಟ್ಟಣ್ಣನವರ ಕ್ಯಾಮರಾ ಮುಂದೆ ಹೋಗುತ್ತದೆ. ವರ್ಷಗಳ ಮೇಲೆ ರಾಮಾಚಾರಿ ದೊಡ್ಡ ಹೋಟೆಲೊಂದರಲ್ಲಿ ಅಲಮೇಲುವನ್ನು ಕಾಣುತ್ತಾನೆ. ಹಿರಿಯರು ಹುಡುಕಿ ಕೊಟ್ಟ ಗಂಡನೇ ಅವಳನ್ನು ಮೈ ಮಾರುವ ದಂಧೆಗೆ ತಳ್ಳಿರುತ್ತಾನೆ. ಜಾತಿ, ಗೋತ್ರ, ಜಾತಕ ಎಲ್ಲವೂ ಕೂಡಿ ಬಂದ ಆ ಮದುವೆಯಲ್ಲಿ ಗಂಡಿನ ಗುಣವೊಂದು ಮಾತ್ರ ಕೂಡಿಬಂದಿರಲಿಲ್ಲ. ಇಲ್ಲಿ ಭ್ರಮನಿರಸನವಾಗುವುದು ಪ್ರೇಮಿಗಳಿಗಿಂತ ಹೆಚ್ಚಾಗಿ ಹಿರಿಯರ ಬಗೆಗೆ ನಾವಿಟ್ಟ ನಂಬಿಕೆಗೆ. ಕೆ. ಎಸ್. ಅಶ್ವಥ್ ಅವರು ಚಾಮಯ್ಯ ಮೇಷ್ಟರನ್ನು ಎಷ್ಟು ಮಮತೆಯಿಂದ ಆಡಿದ್ದಾರೆಂದರೆ, ಅವರ ಮೇಲೆ ಕೋಪಗೊಳ್ಳಲು ಪ್ರೇಕ್ಷಕರಿಗೆ ಮನಸ್ಸೇ ಬಾರದು. ಅದೇ ಚಿತ್ರದ ನಿಜವಾದ ಇರಿತ. ಕೇಡು ಬಯಸದ ಹಿರಿಯನ ಕೈಯಿಂದಲೂ ಕೇಡಾಗಬಹುದು.

ಮಲೆನಾಡು, ಚಿತ್ರದುರ್ಗಗಳನ್ನು ದಾಟಿ ಈ ಕಥೆ ಭೀಮೆಯ ದಂಡೆಗೇ ಬಂದುದು 2016ರ ಬೇಸಿಗೆಯಲ್ಲಿ. ಆ ವರ್ಷ ಏಪ್ರಿಲ್ 29ರಂದು ಮರಾಠಿಯ ‘ಸೈರಾಟ್’ ತೆರೆಕಂಡಿತು. ನಿರ್ದೇಶಕ ನಾಗರಾಜ ಮಂಜುಳೆಯವರ ಊರು ಸೋಲಾಪುರ ಜಿಲ್ಲೆಯ ಕರ್ಮಾಳಾ ತಾಲ್ಲೂಕಿನಲ್ಲಿದೆ; ಚಿತ್ರದ ಮೊದಲರ್ಧದ ನೆಲವೂ ಅದೇ. ಆ ತಾಲ್ಲೂಕಿನ ಅಂಚಿನವರೆಗೆ ಚಾಚಿರುವ ಉಜನಿ ಅಣೆಕಟ್ಟಿನ ಹಿನ್ನೀರು ಭೀಮೆಯದು. ಅದೇ ನದಿ ಪಂಢರಪುರವನ್ನು ಬಳಸಿ ಕರ್ನಾಟಕಕ್ಕೆ ಬಂದು, ಅಫಜಲಪುರ ತಾಲ್ಲೂಕಿನ ಗಾಣಗಾಪುರದ ಬಳಿ, ಆಳಂದದ ಕಡೆಯಿಂದ ಬರುವ ಅಮರ್ಜೆಯನ್ನು ಕೂಡಿಕೊಂಡು ಜೇವರ್ಗಿಯತ್ತ ಸಾಗುತ್ತದೆ. ಉಜನಿಯ ಬಾಗಿಲು ತೆರೆದರೆ ಅಫಜಲಪುರ, ಜೇವರ್ಗಿಗಳ ದಂಡೆಯವರು ನಿದ್ದೆ ಬಿಟ್ಟು ಕಾಯಬೇಕಾಗುತ್ತದೆ. 2020ರ ಅಕ್ಟೋಬರಿನ ಪ್ರವಾಹ ಅದಕ್ಕೆ ಸಾಕ್ಷಿ. ಮೇಲಿನ ದಂಡೆಯಲ್ಲಿ ಹರಿದುದು ಕೆಳಗಿನ ದಂಡೆಗೆ ಬಾರದೆ ಇರದು. ಕಥೆಗಳೂ ಹಾಗೆಯೇ. 2017ರಲ್ಲಿ ಎಸ್. ನಾರಾಯಣ್ ಇದನ್ನು ‘ಮನಸು ಮಲ್ಲಿಗೆ’ ಎಂದು ಕನ್ನಡಕ್ಕೆ ತಂದರು. ನಾಯಿಕೆಯಾಗಿ ಮೂಲಚಿತ್ರದ ರಿಂಕು ರಾಜಗುರು ಅವರೇ ಅಭಿನಯಿಸಿದರು.

ಪರಶಾ ಮೀನುಗಾರರ ಹುಡುಗ, ಓದಿನಲ್ಲಿ ಜಾಣ. ಆರ್ಚಿ ಊರಿನ ಪಾಟೀಲರ ಮಗಳು. ಬುಲೆಟ್ ಮೋಟಾರು ಸೈಕಲ್ಲನ್ನೂ ಟ್ರಾಕ್ಟರನ್ನೂ ಓಡಿಸಬಲ್ಲ ಗಟ್ಟಿಗಿತ್ತಿ. ಬಾವಿಯ ಈಜು, ಕಬ್ಬಿನ ಹೊಲ, ಬಾಳೆಯ ತೋಟ, ಕಾಲೇಜಿನ ಬೆಂಚು, ಮೊದಲರ್ಧವೆಲ್ಲ ಹಬ್ಬ. ಅಜಯ್–ಅತುಲ್ ಸಂಯೋಜಿಸಿದ ನಾಲ್ಕು ಹಾಡುಗಳೂ ಅಲ್ಲಿಯೇ ಮುಗಿದುಹೋಗುತ್ತವೆ. ಜನ ಚಿತ್ರಮಂದಿರದಲ್ಲಿ ಎದ್ದು ಕುಣಿದರು. ಮಧ್ಯಂತರದ ಬಳಿಕ ಹಾಡಿಲ್ಲ. ಓಡಿಹೋದ ಇಬ್ಬರೂ ಹೈದರಾಬಾದಿನ ಕೊಳೆಗೇರಿಗೆ ಬಂದು ಬೀಳುತ್ತಾರೆ. ಆಳುಕಾಳುಗಳ ನಡುವೆ ಬೆಳೆದ ಹುಡುಗಿ ತಗಡಿನ ಗುಡಿಸಿಲಿನ ವಾಸನೆಗೆ ಮೂಗು ಮುಚ್ಚಿಕೊಳ್ಳುತ್ತಾಳೆ. ಭಾಷೆ ಬಾರದು. ತಾಯಿಯ ನೆನಪು ಬಿಡದು. ಅವನು ದೋಸೆಯ ಗಾಡಿಯಲ್ಲಿ, ಅವಳು ಕಾರ್ಖಾನೆಯಲ್ಲಿ ದುಡಿಯುತ್ತಾರೆ. ಅವನಲ್ಲಿ ಸಂಶಯ ಹುಟ್ಟುತ್ತದೆ. ಅವನ ಕೈ ಅವಳ ಮೇಲೇಳುತ್ತದೆ. ಅವಳು ಊರಿಗೆ ಹೋಗುವೆನೆಂದು ನಿಲ್ದಾಣದವರೆಗೂ ನಡೆಯುತ್ತಾಳೆ.

ಆರ್ಚಿ ಮರಳಿ ಬರುತ್ತಾಳೆ. ಮೋನಿಕಾ ಹೊರಟುಹೋದ ಹಾದಿಯಲ್ಲಿ ಅಷ್ಟು ದೂರ ನಡೆದು, ತಿರುಗಿ ಬಂದವಳು ಇವಳು. ಬೇಸಿಗೆಯ ಒಲವು ಸತ್ತು ಮತ್ತೊಂದು ಒಲವು ಹುಟ್ಟುವುದು ಇಲ್ಲಿ. ಇಬ್ಬರೂ ನೋಂದಣಿ ಮಾಡಿಸಿ ಮದುವೆಯಾಗುತ್ತಾರೆ, ಮಗುವಾಗುತ್ತದೆ, ಸ್ವಂತ ಮನೆಯ ಕನಸು ಕೈಗೂಡುವ ಹೊತ್ತು ಬರುತ್ತದೆ. ಭ್ರಮನಿರಸನದ ಆಚೆಗೂ ದಾಂಪತ್ಯವಿದೆಯೆಂದು ಈ ಚಿತ್ರ ಸಾಧಿಸಿ ತೋರಿಸುತ್ತದೆ. ಬಳಿಕ ಒಂದು ದಿನ ತವರಿನವರು ಉಡುಗೊರೆ ಹಿಡಿದು ಬಾಗಿಲಿಗೆ ಬರುತ್ತಾರೆ. ಆರ್ಚಿ ಚಹಾ ಮಾಡಿ ಕೊಡುತ್ತಾಳೆ. ಹೊರಗೆ ಹೋಗಿದ್ದ ಕೂಸು ಮರಳಿ ಬಂದಾಗ ಒಳಗೆ ತಂದೆ ತಾಯಿಗಳ ಶವಗಳು. ಕೂಸು ಅಳುತ್ತ ಹೊರಗೆ ನಡೆಯುವಾಗ ನೆಲದ ಮೇಲೆ ಮೂಡುವ ಪುಟ್ಟ ಹೆಜ್ಜೆಗಳ ಬಣ್ಣವನ್ನು ಕಂಡವರು ಮರೆಯಲಾರರು. ಕುಣಿದ ಪ್ರೇಕ್ಷಕರು ಮಾತಿಲ್ಲದೆ ಮನೆಗೆ ನಡೆದರು.

ಬಡತನ, ಸಂಶಯ, ಜಗಳ ಇವಾವುವೂ ಆ ಇಬ್ಬರನ್ನು ಕೊಲ್ಲಲಾರದೆ ಹೋದವು. ಕೊಂದುದು ಮನೆತನದ ಅಹಂಕಾರ. ಇದನ್ನು ಕಂಡಾಗ ಆ ಸೀಮೆಯವರಿಗೆ ಇನ್ನೂ ಹಳೆಯದೊಂದು ಕಥೆ ನೆನಪಾಗದೆ ಇರದು. ಆಳಂದದ ಉತ್ತರಕ್ಕೆ, ಈಗ ಬೀದರ ಜಿಲ್ಲೆಯಲ್ಲಿರುವ ಬಸವಕಲ್ಯಾಣ ಹನ್ನೆರಡನೆಯ ಶತಮಾನದ ಕಲ್ಯಾಣ. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಅಲ್ಲಿ ಮದುವೆಯಾಯಿತೆಂದೂ, ಅದನ್ನು ಸಹಿಸದೆ ಇಬ್ಬರು ತಂದೆಯರಿಗೂ ಎಳೆಹೂಟೆಯ ಶಿಕ್ಷೆ ವಿಧಿಸಲಾಯಿತೆಂದೂ ಶರಣ ಪರಂಪರೆ ಹೇಳುತ್ತದೆ. ಗಿರೀಶ ಕಾರ್ನಾಡರು 1990ರ ‘ತಲೆದಂಡ’ ನಾಟಕದಲ್ಲಿ ಈ ಪ್ರಸಂಗವನ್ನೇ ಕೇಂದ್ರವಾಗಿಸಿಕೊಂಡರು. ಆ ಕಥೆಯಲ್ಲಿ ಒಂದು ಭೇದವಿದೆ. ಅದನ್ನು ಸಾಮಾನ್ಯವಾಗಿ ಯಾರೂ ಎತ್ತಿ ಹೇಳುವುದಿಲ್ಲ. ಅಲ್ಲಿ ಮಕ್ಕಳು ಓಡಿಹೋಗಲಿಲ್ಲ. ತಂದೆಯರೇ ಮುಂದೆ ನಿಂತು ಮದುವೆ ಮಾಡಿಸಿದರು. ಬಂದ ಕೇಡನ್ನು ತಮ್ಮ ಮೈಮೇಲೆ ಎಳೆದುಕೊಂಡರು.

ಈ ಕಥೆಗಳನ್ನೆಲ್ಲ ಒಟ್ಟಿಗಿಟ್ಟು ನೋಡಿದರೆ ಒಂದು ಅಂಶ ಎದ್ದು ಕಾಣುತ್ತದೆ. ಬೇಸಿಗೆಯೆಂಬುದು ಎಲ್ಲ ಕಡೆಯಲ್ಲಿಯೂ ಇಬ್ಬರದೇ. ಅಲ್ಲಿ ಮೂರನೆಯವರಿಗೆ ಕೆಲಸವಿಲ್ಲ. ಬೇಸಿಗೆ ಕಳೆದ ಮೇಲಿನ ಕಥೆಯಲ್ಲಿ ಮಾತ್ರ ಯಾವಾಗಲೂ ಒಬ್ಬ ಹಿರಿಯರಿರುತ್ತಾರೆ. ಹ್ಯಾರಿಗೆ ಅತ್ತೆಯಿದ್ದಳು. ಇಂದಿರಾಳ ತಂದೆ ಒಳ್ಳೆಯವರಾಗಿಯೂ ಮಗಳ ಒಲವಿನ ಜೊತೆಗೆ ಹಣದ ಕರಾರನ್ನು ಕಟ್ಟಿದರು. ಚಾಮಯ್ಯ ಮೇಷ್ಟರು ಮಮತೆಯ ಬಲದಿಂದಲೇ ಎರಡು ಬಾಳುಗಳನ್ನು ಬೇರೆಮಾಡಿದರು. ಆರ್ಚಿ, ಪರಶಾರಿಗೆ ಹೈದರಾಬಾದಿನಲ್ಲಿ ಆಸರೆಯಾದವಳು ಸುಮನಕ್ಕ ಎಂಬ ಬಡ ಹೆಂಗಸು. ಕೆಟ್ಟವರ ಕೈಯಿಂದ ಬಿಡಿಸಿ, ಇರಲು ಗುಡಿಸಿಲು ಕೊಟ್ಟು, ದುಡಿಯಲು ದಾರಿ ತೋರಿಸಿದಳು. ರಕ್ತಸಂಬಂಧಿಗಳು ಮಾಡಬೇಕಾದ ಕೆಲಸವನ್ನು ಪರಕೀಯಳೊಬ್ಬಳು ಮಾಡಿದಳು. ಯೌವನದ ಭ್ರಮೆ ಒಡೆಯುವುದನ್ನು ಯಾರೂ ತಡೆಯಲಾರರು, ತಡೆಯಬೇಕಾಗಿಯೂ ಇಲ್ಲ. ಆದರೆ ಒಡೆದ ಗಳಿಗೆಯಲ್ಲಿ ಹತ್ತಿರ ನಿಂತವರು ಯಾರು, ಅವರ ಕೈಯಲ್ಲಿ ಏನಿತ್ತು ಎಂಬುದರ ಮೇಲೆ ಮುಂದಿನ ಬಾಳು ನಿಲ್ಲುತ್ತದೆ.

ಕಾಯಿದೆ ತನ್ನ ಪಾಲನ್ನು ಹೇಳಿದೆ. ಜಾತಿ ಮತಗಳನ್ನು ದಾಟಿ ಮದುವೆಯಾಗುವವರಿಗೆ 1954ರಿಂದಲೇ ವಿಶೇಷ ವಿವಾಹ ಕಾಯಿದೆಯಿದೆ. ವಯಸ್ಕರಿಬ್ಬರು ಒಪ್ಪಿ ಆಗುವ ಮದುವೆಗೆ ಕುಟುಂಬವಾಗಲಿ ಪಂಚಾಯಿತಿಯಾಗಲಿ ಅಡ್ಡ ಬರುವಂತಿಲ್ಲವೆಂದೂ, ಬೆದರಿಕೆಗೆ ಒಳಗಾದ ದಂಪತಿಗಳಿಗೆ ಸುರಕ್ಷಿತ ವಸತಿಯ ಏರ್ಪಾಡನ್ನು ಸರ್ಕಾರಗಳು ಮಾಡಬೇಕೆಂದೂ ಸರ್ವೋಚ್ಚ ನ್ಯಾಯಾಲಯ 2018ರ ಮಾರ್ಚ್ 27ರಂದು ತೀರ್ಪಿತ್ತಿತು. ಕಾಯಿದೆ ಪೋಲೀಸರನ್ನು ಕಳುಹಿಸಬಲ್ಲದು, ವಸತಿಯನ್ನೂ ಕೊಡಬಲ್ಲದು. ಬಾಣಂತಿಗೆ ಎಣ್ಣೆ ಹಚ್ಚಿ ನೀರೆರೆಯಲು, ಗಂಡಹೆಂಡಿರ ಜಗಳದ ನಡುವೆ ಕುಳಿತು ಇಬ್ಬರನ್ನೂ ಗದರಲು, ತಿಂಗಳ ಕೊನೆಯಲ್ಲಿ ಒಂದು ಚೀಲ ಜೋಳ ಕಳುಹಿಸಲು ಅದಕ್ಕೆ ಸಾಧ್ಯವಿಲ್ಲ. ಅದು ಮನೆಯವರ ಕೆಲಸ.

ಮಕ್ಕಳು ಇಂಥ ಚಿತ್ರಗಳನ್ನು ನೋಡಿ ಕೆಡುತ್ತಾರೆಂದು ಎಷ್ಟೋ ಮನೆಗಳಲ್ಲಿ ದೂರುಂಟು. ದೂರುವವರೂ ಕುಣಿಯುವವರೂ ನೆನಪಿನಲ್ಲಿಟ್ಟುಕೊಳ್ಳುವುದು ಮೊದಲರ್ಧವನ್ನೇ ಎಂಬುದು ಸೋಜಿಗ. ಮಗನೋ ಮಗಳೋ ಹಾಡುಗಳನ್ನು ನೋಡಿ ಎದ್ದು ಹೋಗದಂತೆ ಹಿಡಿದು ಕೂರಿಸಿ, ಮಧ್ಯಂತರದ ಬಳಿಕದ ಕಥೆಯನ್ನು ಅವರ ಪಕ್ಕದಲ್ಲಿಯೇ ಕುಳಿತು ನೋಡುವ ತಂದೆ ತಾಯಿಗಳಿಗೆ ಉಪದೇಶದ ಶ್ರಮ ಉಳಿದೀತು. ಬಾಡಿಗೆಯ ಹಣ ಉಡುಪಾದ ದೃಶ್ಯದಲ್ಲಿ ಮಕ್ಕಳು ಕಲಿಯುವುದಿದೆ. ಮೇಷ್ಟರು ಶಿಷ್ಯನಿಂದ ಮಾತು ತೆಗೆದುಕೊಳ್ಳುವ ದೃಶ್ಯದಲ್ಲಿ ಹಿರಿಯರು ಕಲಿಯುವುದಿದೆ.

‘ಸೈರಾಟ್’ ಚಿತ್ರದ ಉತ್ತರಾರ್ಧದಲ್ಲಿ ಆರ್ಚಿ ಊರಿನಲ್ಲಿರುವ ತಾಯಿಗೆ ದೂರವಾಣಿ ಮಾಡುತ್ತಾಳೆ. ಹೇಳುವುದು ಹೆಚ್ಚೇನೂ ಇರುವುದಿಲ್ಲ. ತಾಯಿಯ ದನಿ ಕೇಳಬೇಕು, ಮಗುವಿನ ದನಿ ಕೇಳಿಸಬೇಕು, ಅಷ್ಟೆ. ಅಂಥ ಕರೆಗಳು ಮುಂಬಯಿ, ಪುಣೆ, ಹೈದರಾಬಾದುಗಳಿಂದ ಭೀಮೆಯ ದಂಡೆಯ ಮನೆಗಳಿಗೂ ಬರುತ್ತವೆ. ಬೆಂಗಳೂರಿನ ಮನೆಗಳಿಗೂ ಬರುತ್ತವೆ. ಸಾಮಾನ್ಯವಾಗಿ ಬೇಸಿಗೆ ಕಳೆದ ಮೇಲೆಯೇ ಬರುತ್ತವೆ. ಆಗ ಈ ಕಡೆ ಕರೆಯನ್ನು ಎತ್ತಿಕೊಂಡವರು ಊಟವಾಯಿತೇ ಎಂದು ಕೇಳಿದರೆ ಸಾಕು, ಅರ್ಧ ಸಂಸಾರ ಉಳಿದೀತು.